ಹೆಬ್ಬೆಟ್ಟು ನಮ್ಮದು, ಯೂರಿಯಾ ಬೋರ್‌ವೆಲ್‌ದು

ನಮ್ಮ ದೊಡ್ಡಪ್ಪನ ಹೆಬ್ಬೆಟ್ಟು ಸವೆದುಹೋಗಿದೆ. ನಲವತ್ತು ವರ್ಷ ಕಬ್ಬು ಕಡಿದು, ಸೋಗೆ ಸುಲಿದ ಬೆರಳು ಅದು. ಅದರಲ್ಲಿ ಗೆರೆ ಹುಡುಕುವುದೂ ಒಂದೇ, ನಮ್ಮೂರಿನ ರಸ್ತೆಯಲ್ಲಿ ಡಾಂಬರು ಹುಡುಕುವುದೂ ಒಂದೇ. ಆದರೆ ಒಂದು ಮೂಟೆ ಯೂರಿಯಾ ಸಿಗಬೇಕಾದರೆ ಗೊಬ್ಬರದಂಗಡಿಯ ಆಧಾರ್ ಯಂತ್ರಕ್ಕೆ ಆ ಗೆರೆಯೇ ಬೇಕು.

ಊರು ಕುಣಿಗಲ್ ಕಡೆ. ಮಾರ್ಕೋನಹಳ್ಳಿ ಅಣೆಕಟ್ಟಿನ ನೀರು ಒಂದಿಷ್ಟು, ಬೋರ್‌ವೆಲ್ ನೀರು ಒಂದಿಷ್ಟು. ದೊಡ್ಡಪ್ಪನದು ಒಂದು ಎಕರೆ ಕಬ್ಬು. ಹೋದ ಮುಂಗಾರಿನಲ್ಲಿ ಅವರ ಜೊತೆ ನಾನೂ ಗೊಬ್ಬರದ ಸಾಲಿನಲ್ಲಿ ನಿಂತಿದ್ದೆ. ಬೆಳಿಗ್ಗೆ ಆರಕ್ಕೆ ಹೋದರೆ ಮುಂದೆ ಅರವತ್ತು ಜನ, ಇಪ್ಪತ್ತು ಜೊತೆ ಚಪ್ಪಲಿ. ಚಪ್ಪಲಿಯ ಯಜಮಾನರೆಲ್ಲ ಟೀ ಅಂಗಡಿಯಲ್ಲಿ. ಹತ್ತೂವರೆಗೆ ನಮ್ಮ ಸರದಿ ಬಂತು.

"ಹೆಬ್ಬೆಟ್ಟಿಡಿ ಯಜಮಾನ್ರೇ."

ಇಟ್ಟರು. ಕೆಂಪು ದೀಪ. ತೋರುಬೆರಳು ಇಟ್ಟರು. ಅದಕ್ಕೂ ಕೆಂಪು. ದೊಡ್ಡಪ್ಪ ಹೆಬ್ಬೆಟ್ಟನ್ನು ತಲೆಗೂದಲಿಗೆ ಉಜ್ಜಿ ಎಣ್ಣೆ ಹಿಡಿಸಿಕೊಂಡರು, ಪಂಚೆಗೆ ಒರೆಸಿ ಮತ್ತೆ ಇಟ್ಟರು. ಐದನೇ ಸಲಕ್ಕೆ ಯಂತ್ರಕ್ಕೆ ಕನಿಕರ ಬಂತು. ಇವರು ಇವರೇ ಎಂದು ಸರ್ವರ್ ಒಪ್ಪಿಕೊಂಡಿತು. ಎರಡು ಮೂಟೆ ಬಂತು. ಜೊತೆಗೆ ನಾವು ಕೇಳದೇ ಇದ್ದ ಒಂದು ಬಾಟಲಿಯೂ ಬಂತು.

"ಇದೇನಪ್ಪ?"

"ನ್ಯಾನೊ ಯೂರಿಯಾ, ಎಲೆಗೆ ಹೊಡೆಯೋ ನೀರುಗೊಬ್ಬರ. ತಗೊಂಡ್ರೆ ಮೂಟೆ. ಬ್ಯಾಡ ಅಂದ್ರೆ ಹಿಂದಿನವರು ಬನ್ನಿ."

ಹೀಗೆ ಗಂಟುಹಾಕಿ ಮಾರಬಾರದು ಎಂದು ಸರ್ಕಾರವೇ ಹೇಳಿದೆ. ಆದರೆ ಅದನ್ನು ಹೇಳಿದ್ದು ದೆಹಲಿಯಲ್ಲಿ. ಸಾಲು ಇರುವುದು ಇಲ್ಲಿ.

ಯೂರಿಯಾ ಮೂಟೆಯ ಚರಿತ್ರೆ ಬಲು ಸೊಗಸಾಗಿದೆ. ರೈತ ಗೊಬ್ಬರ ಪೋಲು ಮಾಡುತ್ತಾನೆ ಎಂಬುದು ಹಳೇ ದೂರು. ಅದು ಸುಳ್ಳೂ ಅಲ್ಲ. 2015ರಲ್ಲಿ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆ ಬಳಿದರು. ನಿಧಾನಕ್ಕೆ ಕರಗಲಿ ಅಂತ. ಒಳ್ಳೇ ಕೆಲಸ, ಇದಕ್ಕೆ ನನ್ನ ತಕರಾರಿಲ್ಲ. ಆಮೇಲೆ ಇನ್ನೊಂದು ಉಪಾಯ ಹೊಳೆಯಿತು. ರೈತ ಕೆಜಿ ಲೆಕ್ಕದಲ್ಲಿ ಹಾಕಲ್ಲ, ಮೂಟೆ ಲೆಕ್ಕದಲ್ಲಿ ಹಾಕ್ತಾನೆ ಅಲ್ವಾ? ಹಾಗಾದರೆ ಮೂಟೆಯನ್ನೇ ಸಣ್ಣದು ಮಾಡಿದರೆ ಆಯಿತು! 2018ರಲ್ಲಿ 50 ಕೆಜಿ ಮೂಟೆ 45ಕ್ಕೆ ಇಳಿಯಿತು. ಗಂಧಕ ಲೇಪಿಸಿದ ಹೊಸ ಯೂರಿಯಾ 40 ಕೆಜಿ ಮೂಟೆಯಲ್ಲಿ ಬಂತು, ರೇಟು ಮಾತ್ರ ಅದೇ 266 ರೂಪಾಯಿ 50 ಪೈಸೆ. ಬಾಟಲಿಯಲ್ಲಂತೂ ಅದು ಅರ್ಧ ಲೀಟರ್ ಆಯಿತು. ಮುಂದಿನ ವರ್ಷ ಮೊಬೈಲಿಗೆ ಒಂದು ಓಟಿಪಿ ಬರಬಹುದು. ಅದನ್ನೇ ಗದ್ದೆಯಲ್ಲಿ ನಿಂತು ಗಟ್ಟಿಯಾಗಿ ಓದಿಬಿಟ್ಟರೆ ಸಾಕು.

ಬಳಕೆಯನ್ನು 2022ರ ಹೊತ್ತಿಗೆ ಅರ್ಧಕ್ಕೆ ಇಳಿಸಿ ಎಂದು ಪ್ರಧಾನಿಯವರು 2017ರಲ್ಲಿ ರೇಡಿಯೋದಲ್ಲಿ ಹೇಳಿದ್ದರು. ದೇಶದ ಯೂರಿಯಾ ಮಾರಾಟ ಆ ಹೊತ್ತಿಗೆ ಇಳಿಯಲಿಲ್ಲ, ಏರಿತು. ಮೂಟೆ ಸಣ್ಣದಾದರೆ ರೈತ ಇನ್ನೊಂದು ಮೂಟೆ ತರುತ್ತಾನೆ ಎಂಬುದು ಯಾರಿಗೂ ಹೊಳೆಯಲಿಲ್ಲ ಅನ್ನಿಸುತ್ತೆ. ಮುದ್ದೆ ಸಣ್ಣದು ಕಟ್ಟಿದರೆ ನಮ್ಮ ಕಡೆ ಯಾರೂ ಅರ್ಧ ಹೊಟ್ಟೆಯಲ್ಲಿ ಏಳಲ್ಲ, ಇನ್ನೊಂದು ಹಾಕು ಅಂತಾರೆ.

ಬಾಟಲಿಯ ಲೆಕ್ಕವನ್ನೂ ಕೇಳಿ. ಬೆಳೆ ಯೂರಿಯಾದಿಂದ ತಿನ್ನುವುದು ಸಾರಜನಕವನ್ನು. 45 ಕೆಜಿ ಮೂಟೆಯಲ್ಲಿ ಶೇ 46 ಸಾರಜನಕ, ಅಂದರೆ 20 ಕೆಜಿಗೂ ಸ್ವಲ್ಪ ಜಾಸ್ತಿ. 2021ರಲ್ಲಿ ಬಂದ ಮೊದಲ ಬಾಟಲಿಯಲ್ಲಿ ಶೇ 4, ಅಂದರೆ 20 ಗ್ರಾಂ. ಆಮೇಲೆ ಗಟ್ಟಿ ಮಾಡಿ ಶೇ 20ಕ್ಕೆ ಏರಿಸಿದರು, 100 ಗ್ರಾಂ ಆಯಿತು. ಹಾಗಿದ್ದರೂ ಮೂಟೆಯಲ್ಲಿ ಇನ್ನೂರು ಪಟ್ಟು ಜಾಸ್ತಿ ಇದೆ. ಎಲೆಗೆ ಸಿಂಪಡಿಸಿದರೆ ಇದೇ ಒಂದು ಮೂಟೆಗೆ ಸಮ ಎಂಬುದು ಪ್ರಚಾರ. ಎಕರೆಗೆ 100 ಕೆಜಿ ಸಾರಜನಕ ಕೇಳುವ ಕಬ್ಬು ಈ ಪ್ರಚಾರವನ್ನು ಇನ್ನೂ ಓದಿಲ್ಲ. ಉಣ್ಣಲು ಕೂತವನಿಗೆ ಮುದ್ದೆಯ ಹಬೆ ತೋರಿಸಿ ಎಬ್ಬಿಸಿದ ಹಾಗೆ.

ಅಂತೂ ಮೂಟೆ ಮನೆಗೆ ಬಂತು. ಆದರೆ ಸಂಕ್ರಾಂತಿ ಕಳೆದು ನಾಟಿ ಮಾಡಿದ ಕಬ್ಬಿಗೆ ಆಗಲೇ ಆರು ತಿಂಗಳು. ಕಬ್ಬಿನ ಬುಡಕ್ಕೆ ದೊಡ್ಡ ಮಣ್ಣು ಏರಿಸುವ ಹೊತ್ತಿಗೆ, ನಾಲ್ಕು ನಾಲ್ಕೂವರೆ ತಿಂಗಳಿಗೆಲ್ಲ, ಯೂರಿಯಾ ಮುಗಿಸಿಬಿಡಬೇಕು. ದೊಡ್ಡಪ್ಪನಿಗೆ ಇದು ಗೊತ್ತಿಲ್ಲವೇ? ಗೊತ್ತು. "ಆವಾಗ ಸಿಗಲಿಲ್ಲ, ಈವಾಗ ಸಿಕ್ತು. ಮನೇಲಿ ಇಟ್ಕೊಂಡು ಪೂಜೆ ಮಾಡ್ಲಾ?" ಎಂದು ಹೆಗಲಿಗೆ ಟವೆಲ್ ಕಟ್ಟಿಕೊಂಡು, ಅದರೊಳಗೆ ಯೂರಿಯಾ ತುಂಬಿ, ಮಟಮಟ ಮಧ್ಯಾಹ್ನ ಒದ್ದೆ ನೆಲದ ಮೇಲೆ ಎರಚುತ್ತಾ ಹೊರಟರು. ಸಾಲಿನ ಬುಡದಲ್ಲಿ ಗೀರಿ ಹಾಕಿ ಮಣ್ಣು ಮುಚ್ಚಬೇಕು. ಅದಕ್ಕೆ ಆಳು ಬೇಕು. ಆಳಿನ ಕೂಲಿಗೆ ಎರಡು ಮೂಟೆ ಯೂರಿಯಾ ಬರುತ್ತೆ. ಲೆಕ್ಕ ಯಾವ ಕಡೆ ವಾಲುತ್ತೆ ಅಂತ ಬಿಡಿಸಿ ಹೇಳಬೇಕಾ?

ಒಂದೆರಡು ದಿನಕ್ಕೆಲ್ಲ ಗದ್ದೆ ಬದುವಿನಲ್ಲಿ ನಿಂತರೆ ಮೂಗಿಗೆ ಸಣ್ಣ ಘಾಟು. ಅದು ಅಮೋನಿಯಾ. ಅಂದರೆ ಸಾಲಿನಲ್ಲಿ ನಿಂತು ತಂದ ಮಾಲು ಆಕಾಶದ ದಾರಿ ಹಿಡಿದಿತ್ತು. ಮೂರನೇ ದಿನ ರಾತ್ರಿ ಕರೆಂಟು ಬಂತು, ಮೋಟಾರು ಹಾಕಿ ಮಲಗಿದರು, ಬೆಳಿಗ್ಗೆ ಗದ್ದೆ ಕೆರೆಯಾಗಿತ್ತು. ಉಳಿದ ಸಾರಜನಕ ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗೆ ಇಳಿಯಿತು. ಹಾಕಿದ ನೂರು ಭಾಗದಲ್ಲಿ ಕಬ್ಬು ತಿನ್ನುವುದು ಮೂವತ್ತರಿಂದ ನಲವತ್ತು ಭಾಗ ಅಂತ ವಿಜ್ಞಾನಿಗಳ ಲೆಕ್ಕ. ನಮ್ಮ ದೊಡ್ಡಪ್ಪನ ಪದ್ಧತಿಯಲ್ಲಿ ಅಷ್ಟೂ ತಿಂದಿದ್ದರೆ ಅದು ಕಬ್ಬಿನ ದೊಡ್ಡತನ.

ಮೂಟೆ ಕೊಂಡ ಬೆರಳು ಯಾರದು ಎಂದು ದೆಹಲಿಯ ಸರ್ವರ್‌ಗೆ ಗೊತ್ತು. ಮೂಟೆಯೊಳಗಿನದು ಎಲ್ಲಿಗೆ ಹೋಯಿತು ಎಂದು ಕೇಳುವ ಯಂತ್ರ ತಾಲ್ಲೂಕಿನಲ್ಲಿ ಒಂದೂ ಇಲ್ಲ. ಮಣ್ಣು ಪರೀಕ್ಷಿಸಿ ಬರೆದುಕೊಡುವ ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲ ಅನ್ನಬೇಡಿ. ನಮ್ಮನೆಯದು ಕ್ಯಾಲೆಂಡರಿನ ಹಿಂದೆ ಇದೆ. ಮಣ್ಣು ತೆಗೆಯಲು ಬಂದ ಹುಡುಗ ಬಿಸಿಲು ಅಂತ ಗದ್ದೆವರೆಗೂ ಬರಲಿಲ್ಲ. ತಿಪ್ಪೆ ಪಕ್ಕದ ಹಿತ್ತಲಲ್ಲೇ ಎರಡು ಹಿಡಿ ತುಂಬಿಕೊಂಡು ಹೋದ. ಕಾರ್ಡಿನ ಪ್ರಕಾರ ನಮ್ಮ ಜಮೀನು ಭಾರೀ ಫಲವತ್ತು.

ಇನ್ನು ಸೋಗೆ ವಿಷಯ. ಅದನ್ನು ಸಾಲಿನ ನಡುವೆ ಹಾಸಿದರೆ ಕೊಳೆತು ಗೊಬ್ಬರ, ತೇವವೂ ಉಳಿಯುತ್ತೆ. ನಾವು ಕಟಾವು ಮುಗಿದ ಸಂಜೆಯೇ ಬೆಂಕಿ ಇಡುತ್ತೇವೆ. ಸೋಗೆಯಲ್ಲಿದ್ದ ಸಾರಜನಕವನ್ನು ಹೊಗೆ ಮಾಡಿ ಕಳಿಸಿ, ಮಾರನೇ ವಾರ ಸಾರಜನಕದ ಸಾಲಿಗೆ ಚಪ್ಪಲಿ ಇಟ್ಟು ಬರುತ್ತೇವೆ. ಇದಕ್ಕೆ ಸರ್ಕಾರವನ್ನು ಬೈಯಲು ನನಗೂ ದಾರಿ ಸಿಗುತ್ತಿಲ್ಲ.

ಇಷ್ಟೆಲ್ಲದರಲ್ಲಿ ಯೂರಿಯಾದ ಲೆಕ್ಕ ಸರಿಯಾಗಿ ಇಡುವವನು ಒಬ್ಬನೇ, ಆಲೆಮನೆಯವನು. ಅವನಿಗೆ ಬೆರಳಚ್ಚು ಬೇಡ. ಕೊಪ್ಪರಿಗೆಯ ಪಾಕ ಒಂದು ತೊಟ್ಟು ನೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿ, "ಕೊನೇಲಿ ಯೂರಿಯಾ ಬಿಟ್ರಾ ಯಜಮಾನ್ರೇ?" ಅಂದ. ದೊಡ್ಡಪ್ಪ ಸೂರು ನೋಡಿದರು. ತಡವಾಗಿ ಯೂರಿಯಾ ತಿಂದ ಕಬ್ಬು ಹಸಿರಾಗಿ ಬೆಳೆಯುತ್ತೆ, ಆದರೆ ಕಬ್ಬಿನ ಹಾಲಿನಲ್ಲಿ, ಅಂದರೆ ರಸದಲ್ಲಿ, ಸಿಹಿ ಕಮ್ಮಿ, ಬೆಲ್ಲ ಕಟ್ಟಲ್ಲ. ಅಚ್ಚಿನಿಂದ ತೆಗೆದರೆ ಮೂಲೆ ಮುರಿಯುತ್ತೆ, ಮಳೆಗಾಲಕ್ಕೆ ಜಿನುಗುತ್ತೆ. ಬಣ್ಣ ಕಪ್ಪಾಯಿತು ಅಂತ ಅವನು ಬೆಲ್ಲ ಬಿಳಿ ಮಾಡುವ ರಾಸಾಯನಿಕದ, ಹೈಡ್ರೋಸ್‌ನ, ಡಬ್ಬಿಗೆ ಕೈ ಹಾಕಿದ. ಬೆಂಗಳೂರಿನವರಿಗೆ ಬೆಲ್ಲ ಬೆಳ್ಳಗಿರಬೇಕಂತೆ.

ಈಗ ಕೆಳಗೆ ಇಳಿದ ನೈಟ್ರೇಟಿನ ಕಥೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಅಂಗಡಿಯಲ್ಲಿ 45 ಕೆಜಿ, ಲೋಟದಲ್ಲಿ 45 ಮಿಲಿಗ್ರಾಂ. ಅಂಕಿ ಒಂದೇ ಆದ್ದರಿಂದ ಯಾರಿಗೋ ಗೊಂದಲ ಆಗಿರಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಮೂರೂ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳು ಈ ಮಿತಿ ದಾಟಿವೆ. ಎಲ್ಲ ಪಾಪವೂ ಯೂರಿಯಾದ್ದಲ್ಲ, ತಿಪ್ಪೆಯದು, ಪಾಯಿಖಾನೆ ಗುಂಡಿಯದು ಕೂಡ ಪಾಲಿದೆ. ಅದಕ್ಕೇ ಊರಿಗೊಂದು ಶುದ್ಧ ನೀರಿನ ಘಟಕ. ಐದು ರೂಪಾಯಿ ಬಿಲ್ಲೆ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತೆ.

ಅಂದರೆ ಯೂರಿಯಾಕ್ಕೆ ನಾವು ಮೊದಲು ತೆರಿಗೆಯಲ್ಲಿ ಸಬ್ಸಿಡಿ ಕಟ್ಟಿದೆವು. ಆಮೇಲೆ ಅಂಗಡಿಯಲ್ಲಿ ದುಡ್ಡು ಕೊಟ್ಟೆವು. ಈಗ ಅದೇ ಯೂರಿಯಾವನ್ನು ನೀರಿನಿಂದ ತೆಗೆಸಲು ದಿನಾ ಐದು ರೂಪಾಯಿ ಹಾಕುತ್ತಿದ್ದೇವೆ.

ಮೊನ್ನೆ ಕ್ಯಾನು ಹಿಡಿದು ದೊಡ್ಡಪ್ಪನ ಜೊತೆ ಘಟಕಕ್ಕೆ ಹೋಗಿದ್ದೆ. ಸೋಸಿ ಉಳಿದ ನೈಟ್ರೇಟಿನ ನೀರು ಹಿಂದಿನ ಪೈಪಿನಿಂದ ಚರಂಡಿಗೆ ಬೀಳುತ್ತೆ. ಪೈಪಿನ ಬುಡದಲ್ಲಿ ಯಾರೋ ಎಸೆದ ಬಾಳೆಗಡ್ಡೆ ಚಿಗುರಿ ಆಳೆತ್ತರ ಆಗಿದೆ. ಎಲೆ ಕಡುಹಸಿರು. ದೊಡ್ಡಪ್ಪ ಅದನ್ನೇ ನೋಡುತ್ತಾ ನಿಂತರು. ಆಮೇಲೆ ತಮ್ಮ ಹೆಬ್ಬೆಟ್ಟನ್ನೊಮ್ಮೆ ನೋಡಿಕೊಂಡರು.

"ನಾಳೆ ಒಂದು ಹಿಡಿ ಕಬ್ಬಿನ ತುಂಡು ತಂದು ಇಲ್ಲಿ ನೆಡಬೇಕು ಕಣೋ" ಅಂದರು.