ಜೇಬಲ್ಲಿ ಮೆಣಸು, ಎದುರಲ್ಲಿ ಮೆಹ್ತಾ

ಕಾಲೇಜಿನಲ್ಲಿದ್ದಾಗ ಬಸ್ ಪಾಸಿನ ದುಡ್ಡಲ್ಲಿ ಒಂದು ಕ್ಯಾಸೆಟ್ ತಂದಿದ್ದೆ. 1990ರ ಹೊಸ ವರ್ಷದ ದಿನ ವಿಯೆನ್ನಾದಲ್ಲಿ, ಪಾಶ್ಚಾತ್ಯ ಸಂಗೀತದ ವಾದ್ಯವೃಂದಗಳನ್ನು ಮುನ್ನಡೆಸುವ ಜುಬಿನ್ ಮೆಹ್ತಾ ನಡೆಸಿಕೊಟ್ಟ ಕಛೇರಿ ಅದು. ಅಪ್ಪ ಕವರನ್ನು ತಿರುಗಿಸಿ ನೋಡಿದರು. ದೇವಸ್ಥಾನದ ಭಜನೆಗೆ ಮೃದಂಗ ನುಡಿಸುವವರು, ಸಂಗೀತದ ವಿಷಯದಲ್ಲಿ ಸುಮ್ನೆ ಬಿಡುವವರಲ್ಲ.

"ಇವರು ಏನು ನುಡಿಸ್ತಾರೆ?"

"ಏನೂ ನುಡಿಸಲ್ಲಪ್ಪ. ಮುಂದೆ ನಿಂತು ಕೈ ಆಡಿಸ್ತಾರೆ."

"ಕೈ ಆಡಿಸೋದು ಕ್ಯಾಸೆಟ್ಟಲ್ಲಿ ಹೇಗೋ ಕೇಳ್ಸುತ್ತೆ?"

ಇದಕ್ಕೆ ಉತ್ತರ ಹುಡುಕುತ್ತಲೇ ನಾನು ಮೆಹ್ತಾ ಅಭಿಮಾನಿಯಾದೆ. ಬಾಂಬೆಯ ಪಾರ್ಸಿ ಹುಡುಗ. ತಂದೆ ಮೆಹ್ಲಿ ಮೆಹ್ತಾ ಅಲ್ಲೇ ಒಂದು ಆರ್ಕೆಸ್ಟ್ರಾ ಕಟ್ಟಿದವರು. ಮಗ ಡಾಕ್ಟರ್ ಆಗಬೇಕಿತ್ತು. ಆ ಓದು ಬಿಟ್ಟು 1954ರಲ್ಲಿ, 18ನೇ ವಯಸ್ಸಿಗೆ, ವಿಯೆನ್ನಾಕ್ಕೆ ಹೋದ. 26 ತುಂಬುವ ಹೊತ್ತಿಗೆ ಮಾಂಟ್ರಿಯಲ್ ಆರ್ಕೆಸ್ಟ್ರಾ ಅವನ ಕೈಯಲ್ಲಿತ್ತು. ಆ ವಯಸ್ಸಲ್ಲಿ ನನ್ನ ಕೈಯಲ್ಲಿದ್ದದ್ದು ಊದುಬತ್ತಿ. ವಾದ್ಯದವರಿಗೆ ತಾಳ ತೋರಿಸಲು ಮೆಹ್ತಾ ಬೀಸುವ ಸಣ್ಣ ಕಡ್ಡಿಯ ಉದ್ದಕ್ಕೆ ಮನೆಯಲ್ಲಿ ಸಿಕ್ಕ ವಸ್ತು ಅದೊಂದೇ. ಹಚ್ಚಿರುವುದು ಮರೆತು ಬೀಸಿದೆ, ಕಿಡಿ ಹಾರಿ ಅಪ್ಪನ ಹೊಸ ಪಂಚೆಯಲ್ಲಿ ಮೂರು ತೂತಾದವು.

ಅಪ್ಪನಿಗೆ ಪಂಚೆಗಿಂತ ತಾಳ ಮುಖ್ಯ. 'ಬ್ಲೂ ಡ್ಯಾನ್ಯೂಬ್' ಅನ್ನೋ ವಾಲ್ಟ್ಸಿಗೆ, ಅಂದರೆ ಮೂರೆಣಿಕೆಯ ಕುಣಿತದ ಸಂಗೀತಕ್ಕೆ, ನಾನು ಎಂಟೆಣಿಕೆಯ ಆದಿತಾಳ ಬೀಸುತ್ತಿದ್ದೆನಂತೆ. "ಮೂರು ಎಣಿಕೆ ಕಣೋ, ರೂಪಕ!" ಅಂತ ತೊಡೆ ತಟ್ಟಿ ತೋರಿಸಲು ಕೂತರು. ಎರಡು ಪೆಟ್ಟು, ಒಂದು ಹುಸಿ. ನಾಲ್ಕು ಸುತ್ತು ಆಗುವಷ್ಟರಲ್ಲಿ ಅವರೂ ಜಾರಿದರು. ಯಾಕೆ ಗೊತ್ತಾ? ವಿಯೆನ್ನಾದವರು ವಾಲ್ಟ್ಸಿನ ಎರಡನೇ ಪೆಟ್ಟನ್ನು ಒಂದು ಕೂದಲಷ್ಟು ಮೊದಲೇ ಹಾಕುತ್ತಾರೆ. ಆ ತೂಗಾಟವೇ ಅವರ ಸೊಗಸು. ಹೊರಗಿನವರಿಗೆ ಅದು ಸುಲಭಕ್ಕೆ ಒಲಿಯುವುದಿಲ್ಲ. ಬಾಂಬೆಯ ಹುಡುಗನಿಗೆ ಒಲಿಯಿತು. ವರ್ಷವರ್ಷ ನಡೆಯುವ ಆ ಹೊಸ ವರ್ಷದ ಕಛೇರಿಗೆ ಅವರನ್ನು 5 ಸಲ ಕರೆದಿದ್ದಾರೆ. ಅಪ್ಪ ಮಾತ್ರ "ಲಯ ಇಲ್ಲ" ಅಂತ ತೀರ್ಪು ಕೊಟ್ಟು ಎದ್ದುಹೋದರು. ಬಾಗಿಲ ಹಿಂದೆ ಅವರ ಬೆರಳು ಆಡುತ್ತಿದ್ದುದನ್ನು ನಾನು ನೋಡಿದ್ದೇನೆ.

ಮೆಹ್ತಾ ಬಗ್ಗೆ ನನಗೆ ಪ್ರೀತಿ ಜಾಸ್ತಿಯಾಗಿದ್ದು ಇನ್ನೊಂದು ವಿಷಯ ತಿಳಿದಾಗ. ಲಾಸ್ ಏಂಜಲೀಸ್ ಇರಲಿ, ನ್ಯೂಯಾರ್ಕ್ ಇರಲಿ, ಟೆಲ್ ಅವೀವ್ ಇರಲಿ, ಈ ಮನುಷ್ಯ ಊಟಕ್ಕೆ ಹೊರಟರೆ ಜೇಬಲ್ಲಿ ಸ್ವಂತ ಮೆಣಸಿನಕಾಯಿ! ಕೈ ಆಡಿಸುವುದು ನನ್ನಿಂದ ಆಗಲಿಲ್ಲ, ಇದಾದರೂ ಆಗುತ್ತೆ ಅಲ್ವಾ?

2023ರ ಆಗಸ್ಟಿನಲ್ಲಿ, 87ನೇ ವಯಸ್ಸಿನಲ್ಲಿ, ಅವರು ಮುಂಬೈಗೆ ಬಂದು ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾವನ್ನು ನಡೆಸಿದರು. ನಾನು ರೈಲು ಹತ್ತಿದೆ. ಜೇಬಲ್ಲಿ ಬೆಂಕಿಪೊಟ್ಟಣ, ಅದರೊಳಗೆ ನಮ್ಮ ಮಲೆನಾಡಿನ ಸೂಜಿಮೆಣಸು. ಸಂಜೆ ಚರ್ಚ್‌ಗೇಟ್ ಹತ್ತಿರ ವಡಾಪಾವ್ ಕೊಂಡು, ಎರಡು ಮೆಣಸು ಮುರಿದು ಒಳಗಿಟ್ಟು, ಗುರುಗಳನ್ನು ನೆನೆದು ತಿಂದೆ. ಕೈಯನ್ನು ಪೇಪರಿಗೆ ಒರೆಸಿಕೊಂಡೆ. ನೀರು ಹುಡುಕಲಿಲ್ಲ, ತಡವಾಗಿತ್ತು.

ನರಿಮನ್ ಪಾಯಿಂಟಿನ ಆ ದೊಡ್ಡ ಸಭಾಂಗಣದಲ್ಲಿ ದೀಪ ಮಂಕಾಯಿತು. ಅವರು ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತರು. ಸರಿಯಾಗಿ ನೋಡೋಣ ಅಂತ ಕನ್ನಡಕ ತೆಗೆದೆ, ಕಣ್ಣುಜ್ಜಿದೆ.

ಅಷ್ಟೇ.

ಎರಡೂ ಕಣ್ಣಲ್ಲಿ ಬೆಂಕಿ. ಕರ್ಚೀಫು ಅದೇ ಜೇಬಲ್ಲಿ ಮೆಣಸಿನ ಜೊತೆಗಿತ್ತು, ಅದರಲ್ಲೇ ಒರೆಸಿಕೊಂಡೆ. ಬುದ್ಧಿ ನೋಡಿ. ನಮ್ಮಲ್ಲಾದರೆ ಕಛೇರಿ ನಡುವೆ ಎದ್ದು ಕಾಫಿಗೆ ಹೋಗಬಹುದು. ಇಲ್ಲಿ ಸೀಟು ಕಿರುಗುಟ್ಟಿದರೂ ತಪ್ಪು. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಚಪ್ಪಾಳೆಯನ್ನೂ ತಟ್ಟಬಾರದು. ಆ ಗಂಭೀರ ಮೌನದಲ್ಲಿ ಕೇಳಿಸಿದ್ದು ನನ್ನ ಮೂಗೊಂದೇ.

ಪಕ್ಕದಲ್ಲಿದ್ದ ಪಾರ್ಸಿ ಅಜ್ಜಿ ತಮ್ಮ ಕರ್ಚೀಫನ್ನು ನನ್ನ ಕೈಗಿಟ್ಟರು. "ಅಳು ಬೇಟಾ, ನಾಚಿಕೊಳ್ಳಬೇಡ. ಸಂಗೀತ ಹೀಗೇ ಕೇಳಬೇಕು" ಅಂದರು. ನಿಜ ಹೇಳುವ ಧೈರ್ಯ ಬರಲಿಲ್ಲ, ಇನ್ನೊಂದಿಷ್ಟು ಅತ್ತೆ.

ಕಣ್ಣು ಬಿಡಲು ಆಗಿದ್ದು ಚಪ್ಪಾಳೆಯ ಹೊತ್ತಿಗೆ. ಅವರ ಕೈ ನೋಡಲೆಂದೇ ಸಾವಿರ ಕಿಲೋಮೀಟರ್ ಹೋಗಿದ್ದ ನಾನು, ಕೊನೆಗೆ ಕೇಳಿ ಬಂದದ್ದು ಕ್ಯಾಸೆಟ್ಟನ್ನೇ.