ಮಾಳಿಗಿ ಮ್ಯಾಲ ಹದಿನಾರು ಕಾಟು

ಪೇಪರ್ ಬಿಡಿಸಿದರೆ ಸುದ್ದಿಗಿಂತ ಮೊದಲು ಕೆಳಗೆ ಬೀಳುವುದು ಪ್ಲಾಟಿನ ಕರಪತ್ರ. ಒಂದು ದಿನ ಸೇಡಂ ರಸ್ತೆಯದು, ಮರುದಿನ ಆಳಂದ ರಸ್ತೆಯದು. ಮೊನ್ನೆ ಬಿದ್ದದ್ದರಲ್ಲಿ ಒಬ್ಬ ಹುಡುಗಿ ಪದವಿಯ ಟೋಪಿ ಗಾಳಿಗೆ ಎಸೆದು ನಗುತ್ತಿದ್ದಳು. ಕಲಬುರಗಿಯವಳಲ್ಲ ಅನ್ನುವುದು ನೋಡಿದ ಕೂಡಲೇ ಗೊತ್ತಾಯಿತು, ಮುಖದ ಮೇಲೆ ಒಂದು ಹನಿ ಬೆವರಿಲ್ಲ. ಅವಳ ತಲೆಯ ಮೇಲೆ ನಮ್ಮ ಊರಿಗೊಂದು ಹೊಸ ಬಿರುದು ಅಚ್ಚಾಗಿತ್ತು: ಶಿಕ್ಷಣ ಕಾಶಿ.

2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆಗೆ ರಾಜ್ಯದಲ್ಲಿ ಕಟ್ಟಕಡೆಯ ಸ್ಥಾನ, ಶೇ 42.43. ಹಿಂದಿನ ವರ್ಷ ಆ ಪೀಠದಲ್ಲಿ ಯಾದಗಿರಿ ಕೂತಿತ್ತು. ನೆರೆಹೊರೆಯವರು ನಾವು, ಹಂಚಿಕೊಂಡು ಉಣ್ಣುತ್ತೇವೆ. ಆದ್ದರಿಂದ ಕಾಶಿ ಅಂದದ್ದರಲ್ಲಿ ತಪ್ಪೇನಿಲ್ಲ. ಕಾಶಿಗೆ ಜನ ಹೋಗುವುದೇ ಕೊನೆಗಾಲಕ್ಕೆ.

ಕಾಲೇಜುಗಳ ಸುತ್ತಮುತ್ತ ಮನೆ ಕೊಳ್ಳಲು ಹೋದವರಿಗೆ ದಲ್ಲಾಳಿ ಮೊದಲು ಕೇಳುವುದು, “ಇರ್ಲಾಕೋ, ಬಾಡಿಗಿ ಹಚ್ಲಾಕೋ ರೀ?” ಇರುವುದಕ್ಕೆ ಅಂದಿರೋ, ಅವನ ಮುಖ ಇಳಿದುಹೋಗುತ್ತದೆ. “ಈ ಜಾಗಾದಾಗ ಯಾರರ ಇರ್ತಾರೇನ್ರೀ ಸಾಹೇಬ್ರ? ಸುತ್ತ ಕಾಲೇಜ ಅವ, ಕೋಚಿಂಗ್ ಅವ, ಮೂರು ಖಾನಾವಳಿ ಅವ. ಇಂಥಲ್ಲಿ ನೀವು ಸಂಸಾರ ಹೂಡಿದ್ರ ಲುಕ್ಸಾನ್ ಯಾರದು?” ಅವನ ಲೆಕ್ಕ ಪಕ್ಕಾ. ಮೂವತ್ತು-ನಲವತ್ತರ ಪ್ಲಾಟು, ಕೆಳಗೆ ಮಾಲಕರು, ಮೇಲೆ ಎರಡು ಅಂತಸ್ತು, ಅಂತಸ್ತಿಗೆ ನಾಲ್ಕು ಖೋಲಿ, ಖೋಲಿಗೆ ಎರಡು ಕಾಟು, ಅಂದರೆ ಮಂಚ. ಸಂಸಾರಸ್ಥ ಬಂದರೆ ಒಂದು ಬಾಡಿಗೆ, ಹುಡುಗರು ಬಂದರೆ ಹದಿನಾರು. “ಮತ್ತ ನಿಮ್ಮನ್ಯಾಗ ಅಜ್ಜಿ ಇರ್ತಾಳ. ಆಕಿ ಒಂದು ಕಾಟ್ ಹಿಡೀತಾಳ, ಬಾಡಿಗಿ ಕೊಡಂಗಿಲ್ಲ.”

ಹೀಗಾಗಿ ನಮ್ಮಲ್ಲಿ ಈಗ ಯಾರೂ ಮನೆ ಕಟ್ಟುವುದಿಲ್ಲ, ಕಾಟು ಕಟ್ಟುತ್ತಾರೆ. ಪಾಲಿಕೆಗೆ ಕೊಟ್ಟ ನಕಾಶೆಯಲ್ಲಿ ದೇವರ ಕೋಣೆ ಎಂದಿರುವಲ್ಲಿ ಇಬ್ಬರು ಬಿ.ಎಡ್. ಹುಡುಗರಿದ್ದಾರೆ. ಕಾರು ನಿಲ್ಲಿಸುವ ಜಾಗ ಎಂದಿರುವಲ್ಲಿ ರೊಟ್ಟಿ ಬಡಿಯುವ ಸದ್ದು. ಕಾರು ಎಲ್ಲಿದೆ ಅಂದರೆ ರಸ್ತೆಯ ಮೇಲೆ. ರಸ್ತೆ ಎಲ್ಲಿದೆ ಎಂದು ಕೇಳಬಾರದು, ಅದು ಕರಪತ್ರದಲ್ಲಿದೆ, ಮೂವತ್ತು ಅಡಿ ಅಗಲವಾಗಿ, ಎರಡೂ ಬದಿ ಗುಲ್‌ಮೊಹರ್ ಹೂ ಬಿಟ್ಟುಕೊಂಡು.

ಹೊಸ ಲೇಔಟುಗಳ ಕಾಗದಪತ್ರದ ಸೊಗಸು ಬೇರೆಯೇ. ಹೋದ ಮುಂಗಾರಿಗೆ ತೊಗರಿ ಇದ್ದ ಎರಿ ಹೊಲದಲ್ಲಿ ಈ ಮುಂಗಾರಿಗೆ ಸುಣ್ಣ ಬಳಿದ ಕಲ್ಲು ಮೊಳೆತಿವೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ತೊಗರಿ ಬೆಳೆಯುವ ಭೂಮಿಗೆ ಸಿಕ್ಕಿದ್ದು ಪ್ಲಾಟ್ ನಂಬರು. ಎನ್.ಎ., ಅಂದರೆ ಕೃಷಿಯೇತರ ಪರಿವರ್ತನೆ, ಆಗಿದೆಯೇ ಎಂದು ಕೇಳಿದರೆ ‘ಆಗಿಬಿಟ್ಟಂಗ ತಿಳೀರಿ’. ಆಗದಿದ್ದರೂ ಚಿಂತೆಯಿಲ್ಲ. 2025ರ ಫೆಬ್ರುವರಿಯಲ್ಲಿ ಸರ್ಕಾರವೇ ಅನಧಿಕೃತ ಬಡಾವಣೆಗಳಿಗೆ ಬಿ-ಖಾತಾ ಎಂಬ ಆಸ್ತಿ ದಾಖಲೆ ಕೊಡುವ ಅಭಿಯಾನ ಹೂಡಿತು. ಅದೇ ವರ್ಷದ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿತು. ಒಂದು ಕೈಯಿಂದ ಕ್ಷಮೆ, ಇನ್ನೊಂದು ಕೈಯಿಂದ ರಸೀದಿ.

ಇನ್ನು ಖೋಲಿ. ನಮ್ಮ ಊರಿನಲ್ಲಿ ಮೇ ತಿಂಗಳ ಮೂರನೇ ಅಂತಸ್ತಿನ ಖೋಲಿಯನ್ನು ವರ್ಣಿಸುವುದು ಬೇಡ, ಓದುವವರಿಗೆ ಗೊತ್ತಿದೆ. ಫರಸಿ ಮೇಲೆ ನೀರು ಚೆಲ್ಲಿ ಅದರ ಮೇಲೆ ಮಲಗಬೇಕು. ಬೇಸಿಗೆಯಲ್ಲಿ ಸರ್ಕಾರ ಈ ಭಾಗದ ತನ್ನ ಕಚೇರಿಗಳ ವೇಳೆ ಬದಲಿಸುತ್ತದೆ, ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು. ಫೈಲುಗಳಿಗೆ ಸೆಖೆ ತಡೆಯುವುದಿಲ್ಲ. ಹುಡುಗರಿಗೆ ತಡೆಯುತ್ತದೆ. 2025ರ ನೀಟ್ ಪರೀಕ್ಷೆ ಇದ್ದದ್ದು ಮೇ 4ರಂದು, ಮಧ್ಯಾಹ್ನ ಎರಡರಿಂದ ಐದು. ಆ ಹೊತ್ತಿನಲ್ಲಿ ನಮ್ಮ ಓಣಿಯ ನಾಯಿ ಕೂಡ ಗಟಾರದಿಂದ ತಲೆ ಎತ್ತುವುದಿಲ್ಲ. ಕೂಲರ್ ಇಟ್ಟುಕೊಳ್ಳುವಿರಾದರೆ ಮಾಲಕರಿಗೆ ತಿಂಗಳಿಗೆ ಬೇರೆ ದುಡ್ಡು, ಅದಕ್ಕೆ ಹಾಕುವ ನೀರಿಗೆ ಇನ್ನೊಂದು. ನಳಕ್ಕೆ ನೀರು ಬಂದ ದಿನ ಮೊದಲು ತುಂಬುವುದು ಕೆಳಗಿನ ಸಂಪು. ಮೇಲಿನವರಿಗೆ ಟ್ಯಾಂಕರ್, ಅದರ ದುಡ್ಡೂ ತಲೆಗಿಷ್ಟು ಎಂದು ಹಂಚಿಕೆ.

ಗೋಡೆಗೆ ನಿಯಮಾವಳಿ ಅಂಟಿಸಿರುತ್ತಾರೆ. ರಾತ್ರಿ ಹತ್ತಕ್ಕೆ ಗೇಟು ಬಂದ್. ಮೊಟ್ಟೆ ಬೇಯಿಸಬಾರದು. ಗೆಳೆಯರು ಬರಬಾರದು. ಊರಿಂದ ಅಪ್ಪ ಬಂದರೆ ಒಂದು ರಾತ್ರಿ ಇರಬಹುದು, ಚಾದರ ಅವನದೇ. ಹನ್ನೊಂದು ತಿಂಗಳಿಗೆ ಖಾಲಿ ಮಾಡಬೇಕು ಇಲ್ಲವೇ ಬಾಡಿಗೆ ಏರಿಸಬೇಕು.

ಈ ಹನ್ನೊಂದು ತಿಂಗಳು ಎಲ್ಲಿಂದ ಬಂತು ಅಂದರೆ, 1908ರ ನೋಂದಣಿ ಕಾಯ್ದೆಯ ಪ್ರಕಾರ ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಹಾಗಾಗಿ ದೇಶದ ಮಾಲಕರೆಲ್ಲ ಸೇರಿ ವರ್ಷದಿಂದ ಒಂದು ತಿಂಗಳು ಕಿತ್ತುಹಾಕಿದ್ದಾರೆ. ಬಹಮನಿ ಸುಲ್ತಾನರು 1347ರಲ್ಲಿ ನಮ್ಮ ಊರನ್ನು ರಾಜಧಾನಿ ಮಾಡಿಕೊಂಡು, ಕೋಟೆಯೊಳಗೆ ಅಷ್ಟು ದೊಡ್ಡ ಮಸೀದಿ ಕಟ್ಟಿಸಿ, ಕೊನೆಗೆ ಅಹಮದ್ ಷಾನ ಕಾಲಕ್ಕೆ ಗಂಟುಮೂಟೆ ಕಟ್ಟಿ ಬೀದರ್‌ಗೆ ಹೋದರಲ್ಲ, ಇತಿಹಾಸಕಾರರು ಅದಕ್ಕೆ ಬೀದರಿನ ತಂಪು ಹವೆ, ನೀರು, ದರಬಾರಿನ ರಾಜಕಾರಣ ಎಂದು ಕಾರಣ ಹುಡುಕುತ್ತಾರೆ. ನನಗೆ ಅನುಮಾನವಿದೆ. ಯಾರೋ ಮಾಲಕರು ಬಂದು, “ಸುಲ್ತಾನ್ರ, ಕರಾರ ಮುಗೀತು. ಮುಂದಿನ ತಿಂಗಳಿಂದ ಮೆಡಿಕಲ್ ಹುಡುಗ್ರು ಬರ್ಲಾಕತ್ಯಾರ, ಮೂರು ಪಟ್ಟು ಕೊಡ್ತಾರ” ಅಂದಿರಬೇಕು. ಆನೆ ಕುದುರೆ ಕಟ್ಟಿಕೊಂಡವರಿಗೆ ಪಾರ್ಕಿಂಗ್ ತಕರಾರೂ ಇದ್ದಿರುತ್ತದೆ.

ದೆಹಲಿಯವರು ವಿದ್ಯಾರ್ಥಿಗಳನ್ನು ಮರೆತಿಲ್ಲ ಅನ್ನುವುದನ್ನೂ ಹೇಳಬೇಕು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ಹಾಸ್ಟೆಲ್ ವಾಸಕ್ಕೆ ತೆರಿಗೆ ವಿನಾಯಿತಿ ಕೊಟ್ಟಿತು. ಷರತ್ತು ಎರಡೇ: ಸತತ 90 ದಿನ ಇರಬೇಕು, ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರಬಾರದು. ಸುರಪುರದ ಕಡೆಯ ರೈತನಿಗೆ ಇದನ್ನು ಓದಿ ಹೇಳಿದರೆ ‘ತಿಂಗಳಿಗೋ, ವರ್ಷಕ್ಕೋ?’ ಎಂದು ಕೇಳುತ್ತಾನೆ.

ದಲ್ಲಾಳಿ ಬಾಯಿಬಿಟ್ಟು ಹೇಳದ, ಆದರೆ ಓಣಿಗೆಲ್ಲ ಗೊತ್ತಿರುವ ಸಂಗತಿ ಬೇರೆ ಇದೆ. ಪಾಸಾದವನು ಖೋಲಿ ಖಾಲಿ ಮಾಡುತ್ತಾನೆ. ಫೇಲಾದವನು ಇನ್ನೊಂದು ವರ್ಷ ಇರುತ್ತಾನೆ. ಅಂದಮೇಲೆ ಆಸ್ತಿ ಅನ್ನಬೇಕಾದ್ದು ಅವನಿಗೇ. 2021ರ ಅಕ್ಟೋಬರಿನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ ನಮ್ಮ ಊರಿನ ಕೇಂದ್ರದಿಂದಲೇ ಹೊರಬಿತ್ತು, ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ನಡುವಿನ ಎರಡು ವರ್ಷದ ಮೇಲಿನ ಕಾಟಿನ ಬಾಡಿಗೆ ಕಟ್ಟಿದವರು ಯಾರು? ಓಎಂಆರ್ ಉತ್ತರಪತ್ರಿಕೆ ತಿದ್ದಿದವರೇ, ಕಿವಿಯೊಳಗೆ ಬ್ಲೂಟೂತ್ ಇಟ್ಟುಕೊಂಡವರೇ? ಪುಸ್ತಕ ಹಿಡಿದು ಕೂತವರು ಕಟ್ಟಿದರು. ಎರಡು ಎಕರೆ ಹೊಲದ ಮೇಲೆ ಸಾಲ ತೆಗೆದು ಕಟ್ಟಿದರು. ಪರೀಕ್ಷೆಯೊಂದು ಹಾಳಾದಷ್ಟೂ ನಮ್ಮ ಪ್ಲಾಟಿನ ದರ ಗಟ್ಟಿಯಾಗುತ್ತದೆ. ಈ ಮಾತು ಬರೆಯುವಾಗ ನಗು ಬರುತ್ತಿಲ್ಲ.

ಇಷ್ಟು ಹುಡುಗರು ಇಲ್ಲಿಗೆ ಯಾಕೆ ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ. 2025ರ ದ್ವಿತೀಯ ಪಿಯುನಲ್ಲಿ ಯಾದಗಿರಿ ಶೇ 48.45 ಪಡೆದು ಕೊನೆಗೆ ಬಂತು. ಅಲ್ಲಿನ ತಾಯಿ ಮಗನ ಹಾಸಿಗೆ ಸುತ್ತಿ ಬಸ್ಸು ಹತ್ತಿಸುವುದು ಕಲಬುರಗಿಯ ಚಂದ ನೋಡಲಿ ಎಂದಲ್ಲ. 1980ರಿಂದ ಇಲ್ಲಿ ವಿಶ್ವವಿದ್ಯಾಲಯವಿದೆ, 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿದೆ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂದು ದಶಕ ದಾಟಿತು, ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಗೆ ಕೋಟಿಗಳ ಘೋಷಣೆ ವರ್ಷ ವರ್ಷ ಕೇಳುತ್ತೇವೆ. ತಾಲ್ಲೂಕಿನ ಕಾಲೇಜಿಗೊಬ್ಬ ಗಣಿತದ ಮೇಷ್ಟ್ರು, ಊರಿಗೆ ಬಂದ ಹುಡುಗನಿಗೊಂದು ಸರ್ಕಾರಿ ಹಾಸ್ಟೆಲ್ಲಿನ ಮಂಚ, ಇಷ್ಟು ಆಗಿದ್ದರೆ ನಮ್ಮ ಓಣಿಯ ಅರ್ಧ ಮಾಳಿಗೆಗಳು ಖಾಲಿ ಬಿದ್ದಿರುತ್ತಿದ್ದವು. ಆಗಲಿಲ್ಲ. ಬದಲಿಗೆ ಹುಡುಗ ಗೇಟಿನ ಹೊರಗೆ ಚೀಲ ಹಿಡಿದು ನಿಲ್ಲುತ್ತಾನೆ. ಒಳಗಿನಿಂದ ಮಾಲಕಿ ಕೇಳುತ್ತಾಳೆ, “ಯಾ ಮಂದಿಯಪ್ಪಾ ನೀವು?”

ಹೆಸರು ಕೇಳುವುದಿಲ್ಲ, ಓದು ಕೇಳುವುದಿಲ್ಲ. ಉತ್ತರ ಸರಿ ಬಂದರೆ ಖೋಲಿ ಇದೆ. ಇಲ್ಲವಾದರೆ ‘ನಿನ್ನೇ ಕೊಟ್ಟಬಿಟ್ಟೀವಿ ತಮ್ಮಾ’. ಬೋರ್ಡು ಮಾತ್ರ ಖೋಲಿ ಖಾಲಿ ಇದೆ ಎಂದು ತೂಗುತ್ತಲೇ ಇರುತ್ತದೆ. ಶರಣಬಸವೇಶ್ವರರ ದಾಸೋಹದ ಊರಿದು. ಬಂದೇ ನವಾಜರ ಉರುಸಿಗೆ ಎಲ್ಲ ಜಾತಿಯವರೂ ಹೋಗಿ ಬರುವ ಊರು. ವರ್ಷಕ್ಕೊಮ್ಮೆ ತೇರೆಳೆಯುತ್ತೇವೆ, ಬುದ್ಧ ವಿಹಾರಕ್ಕೆ ನೆಂಟರನ್ನು ಕರೆದುಕೊಂಡು ಹೋಗಿ ಫೋಟೊ ಹೊಡೆಸಿಕೊಳ್ಳುತ್ತೇವೆ, ಮನೆಗೆ ಬಂದು ಗೇಟಿನಲ್ಲಿ ನಿಂತ ಹದಿನೇಳರ ಹುಡುಗನ ಜಾತಿ ಕೇಳುತ್ತೇವೆ. ನಾಚಿಕೆ ಎಂಬುದಕ್ಕೂ ಯಾರಾದರೂ ಬಾಡಿಗೆ ಗೊತ್ತುಮಾಡಿದ್ದರೆ ಒಳಗೆ ಕರೆಯುತ್ತಿದ್ದೆವೇನೋ.

ಇರಲಿ. ಮೊನ್ನೆ ಭಾನುವಾರ ನಮ್ಮ ಬಡಾವಣೆ ಸಂಘದ ಸಭೆ ಇತ್ತು. ವಿಷಯ: ವಿದ್ಯಾರ್ಥಿಗಳ ಹಾವಳಿ. ಬೈಕು ಅಡ್ಡ ನಿಲ್ಲಿಸುತ್ತಾರೆ, ರಾತ್ರಿ ಹನ್ನೆರಡಕ್ಕೆ ಬರ್ತ್‌ಡೇ ಕೇಕ್ ಕೊಯ್ದು ಕೂಗುತ್ತಾರೆ, ಬಾಲ್ಕನಿಯಲ್ಲಿ ಚಡ್ಡಿ ಒಣಗಿಸುತ್ತಾರೆ, ಸಂಸಾರಸ್ಥರ ಓಣಿಯ ಮರ್ಯಾದೆ ಹೋಯಿತು. ಎಲ್ಲರೂ ಎದ್ದು ನಿಂತು ಮಾತಾಡಿದರು. ಅಧ್ಯಕ್ಷರ ಮನೆಯ ಮೇಲೆ ಇಪ್ಪತ್ತು ಕಾಟು, ಕಾರ್ಯದರ್ಶಿಯದು ಹನ್ನೆರಡು. ಖಜಾಂಚಿ ಈಗಷ್ಟೇ ಮೂರನೇ ಅಂತಸ್ತಿಗೆ ಸ್ಲ್ಯಾಬ್ ಹಾಕಿಸುತ್ತಿದ್ದಾರೆ, ಅದಕ್ಕೆ ತಡವಾಗಿ ಬಂದರು, ಕೈಗೆ ಸಿಮೆಂಟ್ ಹತ್ತಿತ್ತು. ಸಂಸಾರಸ್ಥರ ಬಡಾವಣೆಯಿಂದ ವಿದ್ಯಾರ್ಥಿಗಳನ್ನು ತೆರವು ಮಾಡಿಸಬೇಕೆಂದು ಪಾಲಿಕೆಗೆ ಮನವಿ ಕೊಡುವ ಠರಾವು ಸರ್ವಾನುಮತದಿಂದ ಪಾಸಾಯಿತು. ಯಾರ ಮಾಳಿಗೆಯಿಂದ ಶುರು ಎಂದು ಒಬ್ಬರು ಕೇಳಿದರು, ಅಷ್ಟರಲ್ಲಿ ಚಹಾ ಬಂತು.

ಮನವಿ ಬರೆಯುವವರಾರು ಅನ್ನುವುದೇ ಕೊನೆಗೆ ಸಮಸ್ಯೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಲು ಸಂಘದಲ್ಲಿ ಯಾರಿಗೂ ಬಾರದು. ಅಧ್ಯಕ್ಷರು ಮಾಳಿಗೆಯ ಕಡೆ ಮುಖ ಎತ್ತಿ, ಕನ್ನಡ ಎಂ.ಎ. ಓದುವ ಹುಡುಗನನ್ನು ಕೂಗಿದರು. ಹುಡುಗ ಬಂದ, ಬರೆದುಕೊಟ್ಟ, ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಪ್ರಿಂಟಿನ ಹತ್ತು ರೂಪಾಯಿ ಅವನೇ ಕೊಟ್ಟಿದ್ದಾನೆ. ಮುಂದಿನ ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳಲು ಹೇಳಿದ್ದಾರಂತೆ.