ತಿಂಗಳ ಸಂತೆಯನ್ನು ಓಣಿಯ ಅಂಗಡಿಯಲ್ಲೇ ಮಾಡಬೇಕೆ?

ಪರ

ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯ ಬಹುಪಾಲು ಮನೆಗಳಿಗೆ ದುಡ್ಡು ತಿಂಗಳ ಒಂದನೇ ತಾರೀಖಿಗೆ ಬರುವುದಿಲ್ಲ. ಕಾಲುವೆಗೆ ನೀರು ಬಿಟ್ಟು, ನಾಟಿ ಮುಗಿದು, ಭತ್ತ ಕೊಯ್ದು, ಮಾಲು ತೂಕವಾದ ಮೇಲೆ ಬರುತ್ತದೆ. ನಡುವಿನ ನಾಲ್ಕೈದು ತಿಂಗಳು ರೈತನ ಮನೆಯಲ್ಲೂ ಅವನ ಗದ್ದೆಗೆ ಬರುವ ಕೂಲಿಯವರ ಮನೆಯಲ್ಲೂ ಒಲೆ ಉರಿಯುವುದು ಓಣಿಯ ಕಿರಾಣಿ ಅಂಗಡಿಯ ಉದ್ರಿಯಿಂದ. "ಇಂದು ನಗದು, ನಾಳೆ ಉದ್ರಿ" ಎಂಬ ಹಲಗೆಯ ಕೆಳಗೇ ಉದ್ದನೆಯ ಖಾತೆ ಪುಸ್ತಕವೂ ಇರುತ್ತದೆ. ನಮ್ಮ ಓಣಿಯ ಅಂಗಡಿಯ ಪುಸ್ತಕದಲ್ಲಿ ಹೆಸರುಗಳಿಗಿಂತ ಗುರುತುಗಳೇ ಹೆಚ್ಚು: "ಕೆಳಗಿನ ಓಣಿ ಗೌಂಡಿ", "ಹಾಲಿನ ಅಕ್ಕ", "ಟ್ರ್ಯಾಕ್ಟರ್ ತಮ್ಮ". ಕಾಗದಪತ್ರ, ಜಾಮೀನು ಯಾವುದೂ ಇಲ್ಲದೆ, ಈ ಗುರುತೊಂದರ ಮೇಲೆಯೇ ಅಲ್ಲಿ ತಿಂಗಳುಗಟ್ಟಲೆ ದಿನಸಿ ಸಿಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ, ಅದರ ಜಾಗದಲ್ಲಿ ತಾತ್ಕಾಲಿಕ ತಡೆ ಕೂರಿಸುವವರೆಗೆ ನೀರು ಹೊಳೆಯ ಪಾಲಾಗುತ್ತಿದ್ದ ಆ ದಿನಗಳಲ್ಲಿ, ಬೆಳೆ ಕೈಗೆ ಬರುತ್ತದೋ ಇಲ್ಲವೋ ಎಂಬ ಚಿಂತೆ ರೈತನಿಗೆ ಇದ್ದಷ್ಟೇ ಅಂಗಡಿಯವರಿಗೂ ಇತ್ತು. ಆದರೂ ನಮ್ಮ ಅಂಗಡಿಯವರು ಪುಸ್ತಕ ಮುಚ್ಚಲಿಲ್ಲ. ಕೊಟ್ಟದ್ದು ಮರಳಿ ಬರುವ ಭರವಸೆಯೇ ಅಲುಗಾಡುತ್ತಿದ್ದಾಗಲೂ ಅಕ್ಕಿ ಬೇಳೆ ತೂಗಿ ಕೊಟ್ಟವರನ್ನು, ಸುಗ್ಗಿಯ ದುಡ್ಡು ಕೈಗೆ ಬಂದ ಕೂಡಲೇ ಮರೆತು, ರಿಯಾಯಿತಿಯ ಆಸೆಗೆ ದೊಡ್ಡ ಮಳಿಗೆಗೆ ಹೋಗುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಇನ್ನು ರಿಯಾಯಿತಿಯ ಮಾತು. ಹೆಚ್ಚು ಕೊಂಡವರಿಗೆ ಬೆಲೆ ಇಳಿಸುವುದು ದೊಡ್ಡ ಮಳಿಗೆಯ ಪದ್ಧತಿ. ಸಂಜೆ ಕೂಲಿ ಹಿಡಿದು ಬರುವವರಿಗೆ ಬೇಕಾದದ್ದು ಇಪ್ಪತ್ತು ರೂಪಾಯಿಯ ಎಣ್ಣೆ, ಹತ್ತು ರೂಪಾಯಿಯ ಚಹಾಪುಡಿ, ಒಂದು ಹಿಡಿ ಹುಣಸೆಹಣ್ಣು. ಹಾಗೆ ಅಳೆದು ಕೊಡುವವರು ಓಣಿಯ ಅಂಗಡಿಯವರು ಮಾತ್ರ. ನಗದು ಇರುವ ನಮ್ಮಂಥವರು ಅಲ್ಲಿ ಸಂತೆ ಮಾಡುವುದನ್ನು ಬಿಟ್ಟರೆ, ಉದ್ರಿಯವರಿಗೆ ಕೊಡುವ ಬಂಡವಾಳವೂ ಆ ಅಂಗಡಿಯಲ್ಲಿ ಉಳಿಯುವುದಿಲ್ಲ.

ವಿರೋಧ

ಉದ್ರಿಯ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಖಾತೆಯಲ್ಲಿ ಬಾಕಿ ಇರುವವರು ದರ ಕೇಳುವುದಿಲ್ಲ, ತೂಕ ನೋಡುವುದಿಲ್ಲ, ಹುಳು ಬಿದ್ದ ಬೇಳೆಯನ್ನು ಮರಳಿಸುವುದೂ ಇಲ್ಲ. ಒಂದು ಸುಗ್ಗಿಯಲ್ಲಿ ನಮ್ಮ ಅವ್ವ ಲೆಕ್ಕ ಚುಕ್ತಾ ಮಾಡಲು ಹೋದಾಗ, ನಾವು ತಂದೇ ಇರದ ಎರಡು ಕೆಜಿ ತೊಗರಿಬೇಳೆ ಪುಸ್ತಕದಲ್ಲಿ ಏರಿ ಕುಳಿತಿತ್ತು. ಮುಂದಿನ ಹಂಗಾಮಿಗೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾಗಿದ್ದರಿಂದ ಅವ್ವ ಎದುರು ಮಾತಾಡದೆ ಹಣ ಕೊಟ್ಟು ಬಂದಳು. ಬರೆಯುವ ಪೆನ್ನು ಒಬ್ಬರ ಕೈಯಲ್ಲೇ ಇರುವ ಲೆಕ್ಕವನ್ನು ನಂಬಿಕೆ ಎಂದು ಕರೆಯುವುದು ನನಗೆ ಕಷ್ಟವಾಗುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ಸರಕಿಗೆ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ನಮ್ಮ ಓಣಿಯಲ್ಲಿ ಬಿಲ್ಲು ಕೇಳಿದವರನ್ನು ಜಗಳಗಂಟರೆಂದೇ ಎಣಿಸುತ್ತಾರೆ. ಪರವಾಗಿ ಬರೆದವರು ಅಷ್ಟು ಅಕ್ಕರೆಯಿಂದ ನೆನೆದ ಇಪ್ಪತ್ತು ರೂಪಾಯಿಯ ಎಣ್ಣೆಯನ್ನೇ ತೆಗೆದುಕೊಳ್ಳಿ: ಕಲಬೆರಕೆ ತಡೆಯಲೆಂದೇ 2011ರ ಆಹಾರ ಸುರಕ್ಷತಾ ನಿಯಮಗಳು ಬಿಡಿ ಎಣ್ಣೆಯ ಮಾರಾಟವನ್ನು ನಿರ್ಬಂಧಿಸಿವೆ. ಆ ಡಬ್ಬಿಯೊಳಗಿನ ಎಣ್ಣೆ ಯಾವುದು, ಎಂದು ತಯಾರಾದದ್ದು ಎಂದು ತಿಳಿಯುವ ಹಕ್ಕು ಬಡವರಿಗೂ ಇದೆ.

ಎಲ್ಲರಿಗೂ ಎಲ್ಲರ ಗುರುತು ಇರುವ ಅಂಗಡಿ ಎಲ್ಲರಿಗೂ ಹಿತವಲ್ಲ. ಗಂಡಸರು ಹರಟುತ್ತ ಕುಳಿತ ಕಟ್ಟೆಯ ಮುಂದೆ ನಿಂತು ಪ್ಯಾಡ್ ಕೇಳಬೇಕಾದ ಹುಡುಗಿ, ಅಂಗಡಿ ಖಾಲಿಯಾಗುವವರೆಗೆ ಓಣಿಯ ತುದಿಯಲ್ಲೇ ಕಾಯುತ್ತಾಳೆ. ದೊಡ್ಡ ಮಳಿಗೆಯಲ್ಲಿ ಅವಳು ಯಾರನ್ನೂ ಕೇಳದೆ ತಾನೇ ತೆಗೆದುಕೊಳ್ಳಬಹುದು.

ಇದಕ್ಕಿಂತ ಭಾರವಾದ ಸಂಗತಿ ಜಾತಿಯದು. ನನ್ನ ಜೊತೆ ಓದಿದ ದಲಿತ ಗೆಳೆಯ ಹಳ್ಳಿಯ ಅಂಗಡಿಯಲ್ಲಿ ಮೆಟ್ಟಿಲ ಕೆಳಗೆ ನಿಂತು, ಕೈಗೆ ಕೈ ತಾಗದಂತೆ ಮೇಲಿನಿಂದ ಹಾಕಿದ ಚಿಲ್ಲರೆಯನ್ನು ಬೊಗಸೆಯಲ್ಲಿ ಹಿಡಿಯುತ್ತ ಬೆಳೆದವನು. ಈಗ ಅವನು ಗಂಗಾವತಿಯಲ್ಲಿ ಮನೆ ಮಾಡಿದ್ದಾನೆ. ತಿಂಗಳಿಗೊಮ್ಮೆ ದೊಡ್ಡ ಮಳಿಗೆಗೆ ಹೋಗಿ, ಎರಡು ಬಗೆಯ ಸೋನಾ ಮಸೂರಿಯನ್ನು ಅಂಗೈಗೆ ಹಾಕಿಕೊಂಡು, ಬೆಳಕಿಗೆ ಹಿಡಿದು, ನುಚ್ಚು ಎಷ್ಟಿದೆ ಎಂದು ನೋಡಿ, ಬೇಡವಾದದ್ದನ್ನು ಮತ್ತೆ ರಾಶಿಗೆ ಸುರಿಯುತ್ತಾನೆ.